ನರಸಿಂಹ ಎಲ್ಲರಿಗೂ ಇಷ್ಟ ಆದ, ಪ್ರಹ್ಲಾದನ ಮುಖ ಯಾಕೆ ಆಗಲಿಲ್ಲ?

2025ರ ಜುಲೈ 25, ಶುಕ್ರವಾರ. ಅವತ್ತು ಕರ್ನಾಟಕದ ಥಿಯೇಟರ್‌ಗಳಿಗೆ ಬಂದ ಎರಡು ಸಿನಿಮಾಗಳ ಬಗ್ಗೆ ನಮ್ಮ ಹಾಸ್ಟೆಲ್‌ನಲ್ಲಿ ಬಹಳ ಮಾತಾಯ್ತು. ಒಂದು ಜೆ.ಪಿ. ತೂಮಿನಾಡು ಅವರ ‘ಸು ಫ್ರಮ್ ಸೋ’. ಅದರ ಬಗ್ಗೆ ಜಗಳವೇ ಇರಲಿಲ್ಲ. ನೋಡಿದವರು ನಕ್ಕು ಬಂದರು, ಟಿಕೆಟ್ ಸಿಗದವರು ಮುಂದಿನ ವಾರ ಹೋಗಿ ನಕ್ಕು ಬಂದರು. ಇನ್ನೊಂದು ‘ಮಹಾವತಾರ್ ನರಸಿಂಹ’. ಅದರ ಬಗ್ಗೆ ಶುರುವಾದ ಜಗಳ, ಸಿನಿಮಾ ಥಿಯೇಟರ್ ಬಿಟ್ಟು ನೆಟ್‌ಫ್ಲಿಕ್ಸ್‌ಗೆ ಬಂದರೂ ಮುಗಿಯಲಿಲ್ಲ, ಆಸ್ಕರ್ ಪಟ್ಟಿ ಬಂದು ಹೋದರೂ ಮುಗಿದಿಲ್ಲ. ಮೆಸ್‌ನಲ್ಲಿ ಒಬ್ಬ ‘ಕ್ಲೈಮ್ಯಾಕ್ಸ್‌ನಲ್ಲಿ ಮೈ ಜುಮ್ ಅಂತು’ ಅಂದ್ರೆ ಎದುರು ಕೂತವನು ‘ಪಬ್ಜಿ ಲಾಬಿ ನೋಡಿದಂಗಿತ್ತು’ ಅಂತಾನೆ. ಇಬ್ಬರೂ ಹೋಗಿದ್ದು ಒಂದೇ ಶೋಗೆ, ಅಕ್ಕಪಕ್ಕದ ಸೀಟು.

ಈ ಲೇಖನ ಆ ಜಗಳಕ್ಕೆ ತೀರ್ಪು ಕೊಡೋಕಲ್ಲ. ಒಂದೇ ಸಿನಿಮಾ ನೋಡಿದವರಿಗೆ ಇಷ್ಟು ಬೇರೆ ಬೇರೆಯಾಗಿ ಯಾಕೆ ಕಾಣಿಸಿತು ಅನ್ನೋದಕ್ಕೆ ಕಾರಣಗಳಿವೆ, ಅದರಲ್ಲಿ ಅರ್ಧ ನಮ್ಮ ಸಿಲಬಸ್‌ನಲ್ಲೇ ಇವೆ. ಅದನ್ನ ಬಿಡಿಸಿ ನೋಡೋಣ ಅಂತ. ಮಧ್ಯೆ ನಮ್ಮ ಅಭಿಪ್ರಾಯಾನೂ ಬರುತ್ತೆ, ತಡೆಯೋಕೆ ಆಗಲ್ಲ.

ನೋಡದವರಿಗೆ ಸ್ವಲ್ಪ ಹಿನ್ನೆಲೆ. ನಿರ್ದೇಶಕರು ಅಶ್ವಿನ್ ಕುಮಾರ್. ಮಾಡಿದ್ದು ಕ್ಲೀಂ ಪ್ರೊಡಕ್ಷನ್ಸ್, ಪ್ರಸ್ತುತಪಡಿಸಿದ್ದು ನಮ್ಮ ‘ಕೆಜಿಎಫ್’, ‘ಕಾಂತಾರ’ದ ಹೊಂಬಾಳೆ ಫಿಲ್ಮ್ಸ್. 2024ರ ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಆಯ್ತು, ಆಮೇಲೆ ಜುಲೈನಲ್ಲಿ ಹಿಂದಿ, ಕನ್ನಡ, ತೆಲುಗು, ತಮಿಳು, ಮಲಯಾಳಂ ಐದೂ ಭಾಷೆಯಲ್ಲಿ ಒಟ್ಟಿಗೆ ಬಿಡುಗಡೆ. ಮೊದಲ ದಿನದ ದೇಶದ ಗಳಿಕೆ ಎರಡು ಕೋಟಿ ಮುಟ್ಟಲಿಲ್ಲ. ದೊಡ್ಡ ಸ್ಟಾರ್ ಇಲ್ಲ, ಪೋಸ್ಟರ್‌ನಲ್ಲಿ ಗುರುತಿನ ಮುಖ ಇಲ್ಲ. ಆದರೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ, ವಾರದಿಂದ ವಾರಕ್ಕೆ ಜನ ಹೆಚ್ಚಾಗಿ, ಕೊನೆಗೆ ಒಟ್ಟು ಗಳಿಕೆ 300 ಕೋಟಿ ದಾಟಿತು. ಭಾರತದ ಯಾವ ಅನಿಮೇಷನ್ ಸಿನಿಮಾನೂ ಇದರ ಹತ್ತಿರಕ್ಕೆ ಬಂದಿರಲಿಲ್ಲ. 2005ರ ‘ಹನುಮಾನ್’ ಮಕ್ಕಳಿಗೆ ಇಷ್ಟ ಆಗಿತ್ತು ನಿಜ. 2014ರಲ್ಲಿ ಮೋಷನ್ ಕ್ಯಾಪ್ಚರ್ ಮಾಡಿ ತೆಗೆದ ‘ಕೊಚ್ಚಡೈಯಾನ್’ ಸಾಕ್ಷಾತ್ ರಜನಿಕಾಂತ್ ಇದ್ದೂ ಟೀಕೆ ತಿಂದಿತ್ತು. ಹಾಗಾಗಿ ‘ಇಂಡಿಯನ್ ಅನಿಮೇಷನ್’ ಅಂದ ತಕ್ಷಣ ನಮ್ಮ ಬ್ಯಾಚ್‌ನ ಅರ್ಧ ಜನ ನೋಡೋಕೆ ಮೊದಲೇ ಮೂಗು ಮುರೀತಾರೆ. ಅದನ್ನೂ ಲೆಕ್ಕಕ್ಕೆ ತಗೋಬೇಕು.

ಇದು ಒಂದೇ ಸಿನಿಮಾ ಅಲ್ಲ, ಏಳರ ಸರಣಿ. ಮುಂದಿನದು ಪರಶುರಾಮ, 2027ಕ್ಕೆ. ಆಮೇಲೆ ಎರಡೆರಡು ವರ್ಷಕ್ಕೊಂದರಂತೆ ರಘುನಂದನ, ದ್ವಾರಕಾಧೀಶ, ಗೋಕುಲಾನಂದ, ಕೊನೆಗೆ ಕಲ್ಕಿ ಎರಡು ಭಾಗ, 2037ರವರೆಗೆ. ಆ ಹೊತ್ತಿಗೆ ನಾವೆಲ್ಲ ಮೂವತ್ತು ದಾಟಿರ್ತೀವಿ. ಬ್ಯಾಕ್‌ಲಾಗ್ ಇರೋರೂ ಅಷ್ಟರಲ್ಲಿ ಪಾಸಾಗಿರ್ತಾರೆ ಅಂತ ನಂಬೋಣ.

ಮೊದಲು ‘ಗೇಮ್ ಗ್ರಾಫಿಕ್ಸ್’ ಅನ್ನೋ ದೂರನ್ನ ತಗೊಳ್ಳೋಣ. ಇದರಲ್ಲಿ ಲೆಕ್ಕ ಇದೆ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಚಿತ್ರ. ಸಿನಿಮಾ ಎರಡು ಗಂಟೆ ಮೀರಿದೆ, ಎರಡೇ ಗಂಟೆ ಅಂತ ಹಿಡಿದರೂ 1,72,800 ಫ್ರೇಮ್. 3ಡಿ ಅನಿಮೇಷನ್‌ನಲ್ಲಿ ಪ್ರತಿ ಫ್ರೇಮನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಬೇಕು: ಬೆಳಕು ಎಲ್ಲಿಂದ ಬಂತು, ಚಿನ್ನದ ಕಿರೀಟಕ್ಕೆ ಬಡಿದು ಎಲ್ಲಿಗೆ ಹೋಯ್ತು, ಚರ್ಮದೊಳಗೆ ಎಷ್ಟು ಇಳೀತು. ಇದಕ್ಕೆ ರೆಂಡರಿಂಗ್ ಅಂತಾರೆ. ಒಂದು ಫ್ರೇಮಿಗೆ ಒಂದೇ ಗಂಟೆ ಅಂತ ಇಟ್ಟುಕೊಳ್ಳಿ (ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತೆ). ಒಂದೇ ಕಂಪ್ಯೂಟರ್ ಇದ್ದರೆ 1,72,800 ಗಂಟೆ, ಅಂದ್ರೆ 7,200 ದಿನ, ಅಂದ್ರೆ ಹತ್ತಿರ ಹತ್ತಿರ 20 ವರ್ಷ. ನಾವು ಹುಟ್ಟಿದ ದಿನ ರೆಂಡರ್‌ಗೆ ಹಾಕಿದ್ದರೆ ಈಗ ಕೊನೆ ರೀಲಿಗೆ ಬಂದಿರ್ತಿತ್ತು. ನೂರು ಕಂಪ್ಯೂಟರ್ ಇದ್ದರೆ 72 ದಿನ. ಆದರೆ ಒಂದು ಸಲ ರೆಂಡರ್ ಮಾಡಿ ನೋಡಿದಾಗ ಕೈ ಸರಿ ಇಲ್ಲ, ಬಟ್ಟೆ ಮೈಯೊಳಗೆ ಹೋಗಿದೆ ಅಂತ ಗೊತ್ತಾಗುತ್ತೆ. ಸರಿ ಮಾಡಿ ಮತ್ತೆ ಹಾಕಬೇಕು. ಹಾಗೆ ಎಷ್ಟು ಸಲ ‘ಮತ್ತೆ’ ಅನ್ನೋಕೆ ಆಗುತ್ತೆ ಅನ್ನೋದೇ ಬಜೆಟ್. ದುಡ್ಡು ಇರೋ ಸ್ಟುಡಿಯೋಗೆ ಹತ್ತು ಸಲ ತಿದ್ದೋ ಹಕ್ಕು ಇರುತ್ತೆ, ಇಲ್ಲದವರು ಎರಡನೇ ಸಲಕ್ಕೆ ‘ಓಕೆ’ ಅನ್ನಬೇಕು.

ನರಸಿಂಹದ ಬಜೆಟ್ ಬಗ್ಗೆ ಸುದ್ದಿಗಳಲ್ಲಿ ಬಂದ ಅಂಕಿ 15 ಕೋಟಿಯಿಂದ 40 ಕೋಟಿವರೆಗೆ ಓಡಾಡುತ್ತೆ. ದೊಡ್ಡ ಅಂಕಿಯನ್ನೇ ತಗೊಂಡರೂ, 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ಗೆ ಆದ ಖರ್ಚು ನಮ್ಮ ರೂಪಾಯಿಯಲ್ಲಿ 800 ಕೋಟಿಗೂ ಮೇಲೆ. ಇಪ್ಪತ್ತು ಪಟ್ಟು. ಅದರ ಮುಂದೆ ಇದನ್ನಿಟ್ಟು ‘ನೋಡು, ಎಷ್ಟು ಕಳಪೆ’ ಅನ್ನೋದು ನ್ಯಾಯ ಅಲ್ಲ ಅನ್ನೋರ ವಾದ ಇದೇ.

ವಾದ ಅರ್ಧ ಸರಿ. ಇನ್ನರ್ಧ ಯಾಕೆ ಸರಿ ಇಲ್ಲ ಅಂದ್ರೆ, ಟಿಕೆಟ್ ದರ ಇಪ್ಪತ್ತರಲ್ಲಿ ಒಂದು ಪಾಲು ಇರಲಿಲ್ಲ. ಇನ್ನೂ ಒಂದು ಮಾತಿದೆ. ದುಡ್ಡು ಕಡಿಮೆ ಇದ್ದಾಗ ಎಲ್ಲಿ ಉಳಿಸಬೇಕು ಅನ್ನೋದು ಕಲೆಯ ತೀರ್ಮಾನ. 2018ರ ಮೊದಲ ಸ್ಪೈಡರ್-ವರ್ಸ್‌ನಲ್ಲಿ ಮೈಲ್ಸ್ ಅನ್ನೋ ಹುಡುಗ ಇನ್ನೂ ಹೊಸಬ. ಅವನ ಚಲನೆಯನ್ನ ಸೆಕೆಂಡಿಗೆ 24ರ ಬದಲು 12 ಭಂಗಿಗೆ ಇಳಿಸಿದ್ದರು. ಪಕ್ಕದಲ್ಲಿ ಅನುಭವಿ ಪೀಟರ್ ಪೂರ್ತಿ 24ರಲ್ಲಿ ನುಣ್ಣಗೆ ಜಿಗಿತಿದ್ದ. ಕಡಿಮೆ ಚಲನೆಯೇ ಅಲ್ಲಿ ಕಥೆ ಹೇಳಿತು. ಜಪಾನಿನವರು ದಶಕಗಳಿಂದ ಇದನ್ನೇ ಮಾಡ್ತಿದ್ದಾರೆ: ಮಾತಾಡೋ ದೃಶ್ಯದಲ್ಲಿ ಬಾಯಿ ಮಾತ್ರ ಅಲ್ಲಾಡುತ್ತೆ, ಉಳಿಸಿದ ಶ್ರಮವನ್ನೆಲ್ಲ ತಂದು ಒಂದು ಕತ್ತಿ ಏಟಿಗೆ ಸುರೀತಾರೆ. ನರಸಿಂಹದವರೂ ಉಳಿಸಿದ್ದಾರೆ, ಸುರಿದಿದ್ದಾರೆ. ಎಲ್ಲಿ ಸುರಿದರು ಅಂತ ಕೊನೆಯ ಅರ್ಧ ಗಂಟೆ ನೋಡಿದ ಯಾರಿಗಾದರೂ ಗೊತ್ತು. ಎಲ್ಲಿ ಉಳಿಸಿದರು ಅನ್ನೋದೇ ಜಗಳದ ಮೂಲ. ಅದು ಮುಖಗಳಲ್ಲಿ.

3ಡಿ ಪಾತ್ರದ ಮುಖ ಹೇಗೆ ಅಲ್ಲಾಡುತ್ತೆ ಅಂತ ನೋಡಿದರೆ, ‘ಸರ್, ಈ ಲೀನಿಯರ್ ಕಾಂಬಿನೇಷನ್ ಎಲ್ಲಿ ಬಳಸ್ತಾರೆ?’ ಅಂತ ಗಣಿತದ ಕ್ಲಾಸಲ್ಲಿ ಕೇಳಿದ್ದವರಿಗೆ ಉತ್ತರ ಸಿಗುತ್ತೆ. ಸಾಮಾನ್ಯವಾಗಿ ಮಾಡೋದು ಹೀಗೆ: ಯಾವ ಭಾವನೆಯೂ ಇಲ್ಲದ ಒಂದು ಮುಖ ಇರುತ್ತೆ, ಅದರ ಮೇಲೆ ಸಾವಿರಾರು ಬಿಂದುಗಳು. ಪ್ರತಿ ಬಿಂದುವಿಗೂ ಒಂದು ಸ್ಥಾನ, ಅಂದ್ರೆ ಇಡೀ ಮುಖವೇ ಒಂದು ಉದ್ದನೆಯ ವೆಕ್ಟರ್. ಹುಬ್ಬು ಎತ್ತಿದ ಮುಖ ಇನ್ನೊಂದು ವೆಕ್ಟರ್, ಎಡ ತುಟಿ ಎಳೆದಿದ್ದು ಮತ್ತೊಂದು. ಮೂಲ ಮುಖಕ್ಕೂ ಇವಕ್ಕೂ ಇರೋ ವ್ಯತ್ಯಾಸಗಳನ್ನ ಬೇರೆ ಬೇರೆ ತೂಕ ಕೊಟ್ಟು ಕೂಡಿಸಿದರೆ ಒಂದು ಭಾವನೆ ಬರುತ್ತೆ. ಹುಬ್ಬಿಗೆ 0.4, ತುಟಿಗೆ 0.7, ಹೀಗೆ. ಇಂಥ ಮೂಲ ಆಕಾರಗಳು ಇಪ್ಪತ್ತು ಇದ್ದರೆ ಕೋಪ, ನಗು, ಅಳು ತೋರಿಸಬಹುದು. ಆದರೆ ‘ಅಪ್ಪ ಹೊಡೀತಾನೆ ಅಂತ ಗೊತ್ತು, ಆದರೂ ಅಪ್ಪನ ಮೇಲೆ ಸಿಟ್ಟಿಲ್ಲ’ ಅನ್ನೋ ಭಾವನೆ ಬರಬೇಕಾದರೆ ಇಪ್ಪತ್ತು ಸಾಲಲ್ಲ, ನೂರಾರು ಬೇಕು, ಒಂದೊಂದನ್ನೂ ಕೈಯಲ್ಲಿ ತಿದ್ದೋಕೆ ಅನುಭವಿ ಕಲಾವಿದರು ಬೇಕು.

ಪ್ರಹ್ಲಾದನ ಕಥೆಯ ಕಷ್ಟ ನೋಡಿ: ಅದರ ನಡುಭಾಗ ಪೂರ್ತಿ ನಿಂತಿರೋದು ಆ ಒಂದು ಭಾವನೆ ಮೇಲೆ. ಮಗ, ತಂದೆ, ಮಧ್ಯೆ ಸಿಕ್ಕಿಹಾಕಿಕೊಂಡ ತಾಯಿ ಕಯಾದು. ಮೂರೂ ಮನುಷ್ಯರ ಮುಖ. ಮನುಷ್ಯರ ಮುಖದ ವಿಷಯದಲ್ಲಿ ನಾವೆಲ್ಲ ಹುಟ್ಟಾ ಎಕ್ಸ್‌ಪರ್ಟ್‌ಗಳು. ಅಮ್ಮ ಫೋನಿನಲ್ಲಿ ‘ಏನಿಲ್ಲ ಬಿಡು’ ಅಂದ್ರೆ ವಿಡಿಯೋ ಕಾಲ್ ಮಾಡಿ ಮುಖ ನೋಡಿದ ತಕ್ಷಣ ಏನೋ ಇದೆ ಅಂತ ಗೊತ್ತಾಗಲ್ವಾ? ಅಷ್ಟು ಸೂಕ್ಷ್ಮ. ಜಪಾನಿನ ರೋಬೊಟಿಕ್ಸ್ ಪ್ರೊಫೆಸರ್ ಮಸಾಹಿರೊ ಮೋರಿ 1970ರಲ್ಲೇ ಇದರ ಬಗ್ಗೆ ಬರೆದರು. ಗೊಂಬೆಯೋ ರೋಬೊಟ್ಟೋ ಮನುಷ್ಯನನ್ನ ಹೋಲ್ತಾ ಹೋದಂತೆ ನಮಗೆ ಹೆಚ್ಚು ಇಷ್ಟ ಆಗುತ್ತೆ, ಆದರೆ ತುಂಬ ಹತ್ತಿರ ಬಂದು ಪೂರ್ತಿ ತಲುಪದೇ ಇದ್ದಾಗ ಇಷ್ಟ ದಡಕ್ಕನೆ ಕೆಳಗೆ ಬಿದ್ದು ಒಂಥರಾ ಮುಜುಗರ ಶುರುವಾಗುತ್ತೆ. ಗ್ರಾಫ್ ಬರೆದರೆ ಅಲ್ಲೊಂದು ಕಣಿವೆ. ಛೋಟಾ ಭೀಮನ ಮುಖ ಎರಡು ಚುಕ್ಕಿ ಒಂದು ಗೆರೆ, ಅದು ಕಣಿವೆಯ ಈಚೆ ದಡದಲ್ಲಿ ಆರಾಮಾಗಿದೆ, ಯಾರೂ ದೂರಲ್ಲ. ನರಸಿಂಹದ ಮನುಷ್ಯ ಪಾತ್ರಗಳು ನೈಜವಾಗಿ ಕಾಣೋಕೆ ಹೊರಟು ಆ ಕಣಿವೆಗೆ ಇಳಿದಿವೆ ಅನ್ನೋದು ನಮ್ಮ ಅಭಿಪ್ರಾಯ.

ಈಗ ವರಾಹನನ್ನ ನೋಡಿ, ನರಸಿಂಹನನ್ನ ನೋಡಿ. ಹಂದಿ ಮುಖದ ದೇವರು, ಸಿಂಹದ ಮುಖದ ದೇವರು. ನಮ್ಮಲ್ಲಿ ಯಾರೂ ಅರ್ಧ ಸಿಂಹವನ್ನ ಎದುರಿಗೆ ನೋಡಿಲ್ಲ. ಹೋಲಿಸೋಕೆ ಅಸಲಿ ಇಲ್ಲ. ಹಾಗಾಗಿ ಮೆದುಳು ತಪ್ಪು ಹುಡುಕೋ ಕೆಲಸ ಬಿಟ್ಟು ಸುಮ್ಮನೆ ನೋಡುತ್ತೆ. ಅದರ ಮೇಲೆ ಯುದ್ಧದ ದೃಶ್ಯ: ಶಾಟ್‌ಗಳು ಚಿಕ್ಕವು, ಧೂಳು, ಹೊಗೆ, ವೇಗಕ್ಕೆ ಮಸುಕಾಗೋ ಅಂಚುಗಳು, ಮೇಲೆ ಸ್ಯಾಮ್ ಸಿ.ಎಸ್. ಅವರ ಸಂಗೀತದ ಹೊಡೆತ. ಕೊರತೆ ಇದ್ದರೂ ಕಾಣಲ್ಲ. ಮಾತಿನ ದೃಶ್ಯದಲ್ಲಿ ಹೀಗೆ ಮರೆ ಇಲ್ಲ, ಐದು ಸೆಕೆಂಡ್ ಕ್ಯಾಮೆರಾ ಮುಖದ ಮೇಲೇ ನಿಂತಿರುತ್ತೆ. ‘ಸೂಪರ್’ ಅಂದವನು ಕೊನೆಯ ಅರ್ಧ ಗಂಟೆಯನ್ನ ತಲೆಯಲ್ಲಿಟ್ಟುಕೊಂಡು ಹೊರಗೆ ಬಂದ. ‘ಲಾಬಿ’ ಅಂದವನು ನಡುವಿನ ಒಂದು ಗಂಟೆಯನ್ನ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಯಾವುದರ ಸರಾಸರಿ ಯಾರು ತೆಗೆದರು ಅನ್ನೋದಷ್ಟೇ.

ಇದು ತಾಂತ್ರಿಕ ಕಾರಣ. ಎರಡನೇದು, ಯಾರು ಯಾವುದರ ಜೊತೆ ಹೋಲಿಸ್ತಾರೆ ಅನ್ನೋದು.

ನಮ್ಮ ಬಳಗದಲ್ಲಿ ಒಬ್ಬನ ಊರು ಸವಳಂಗ. ಗೊತ್ತಿಲ್ಲದವರಿಗೆ: ಶಿವಮೊಗ್ಗದಲ್ಲಿ ಕಾಲೇಜು ಹುಡುಗರೆಲ್ಲ ದಿನಾ ‘ಸವಳಂಗ ರೋಡ್, ಸವಳಂಗ ರೋಡ್’ ಅಂತಾರಲ್ಲ, ಆ ರೋಡ್ ಹೋಗಿ ಮುಟ್ಟೋ ಊರು. ರಸ್ತೆ ಪಕ್ಕದಲ್ಲಿ ದೊಡ್ಡ ಕೆರೆ, ಸುತ್ತ ಮೆಕ್ಕೆಜೋಳ, ಅಡಿಕೆ. ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು, ಆದರೆ ಸಿನಿಮಾಗೆ ಶಿವಮೊಗ್ಗಾನೇ ಹತ್ತಿರ. ಅವನ ಮನೆಯಿಂದ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ, ಚಿಕ್ಕಪ್ಪನ ಒಂದನೇ ಕ್ಲಾಸಿನ ಮಗಳು ಎಲ್ಲರೂ ಒಂದೇ ಗಾಡಿಯಲ್ಲಿ ಬಂದು ಕನ್ನಡದ ಶೋ ನೋಡಿದರು. ಇವನು ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ತರೋಕೆ ಹೋದಾಗ ‘ಮುಖ ಎಲ್ಲ ಪ್ಲಾಸ್ಟಿಕ್ ಇದ್ದಂಗಿದೆ’ ಅಂದನಂತೆ. ಅಜ್ಜಿ ತಿರುಗಿ, ‘ದೇವ್ರು ಬರಾಕತ್ಯಾನ, ನೀ ಮುಖ ನೋಡ್ಕಂತ ಕುಂತೀಯಲ್ಲೋ ತಮ್ಮಾ’ ಅಂದರು. ಅಜ್ಜಿ ಚಪ್ಪಲಿ ಬಿಟ್ಟು ಕೂತಿದ್ದರು.

ಇದನ್ನ ‘ಹಳ್ಳಿ ಅಜ್ಜಿ, ಭಕ್ತಿ’ ಅಂತ ಪಕ್ಕಕ್ಕೆ ಇಡೋದು ಸುಲಭ, ಆದರೆ ತಪ್ಪು. ಅಜ್ಜಿಗೂ ಮಾನದಂಡ ಇದೆ, ನಮ್ಮದಕ್ಕಿಂತ ಗಟ್ಟಿಯಾದದ್ದೇ ಇದೆ. ಮನೆಗೆ ಹೋಗ್ತಾ ದಾರಿಯಲ್ಲಿ ಅವರು ಹೇಳಿದ ವಿಮರ್ಶೆ ಇದು: ನರಸಿಂಹ ಬಂದದ್ದು ಚೆನ್ನಾಗಿದೆ, ಆದರೆ ಹಿರಣ್ಯಕಶಿಪು ‘ರಾಜ್‌ಕುಮಾರ್ ಅಲ್ಲ’. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಡಾ. ರಾಜ್‌ಕುಮಾರ್, ಪ್ರಹ್ಲಾದ ಪುಟ್ಟ ಪುನೀತ್, ಅವರ ಸ್ವಂತ ಮಗ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಗಂಟಲು ಅದು. ಅಲ್ಲಿಯ ಸ್ಪೆಷಲ್ ಎಫೆಕ್ಟ್ ಈಗ ನೋಡಿದರೆ ನಗು ಬರಬಹುದು, ಆದರೆ ಮಗನನ್ನ ಕೊಲ್ಲಿಸೋಕೆ ಹೇಳುವಾಗ ಆ ತಂದೆಯ ಕಣ್ಣಲ್ಲಿ ಇರೋದು ಬರೀ ಕೋಪ ಅಲ್ಲ. ಅಜ್ಜಿ ಪಾಲಿಗೆ ಗ್ರಾಫಿಕ್ಸ್ ಅನ್ನೋದು ಪಾಸ್ ಮಾರ್ಕ್ಸ್ ವಿಷಯ, ಅಭಿನಯ ಡಿಸ್ಟಿಂಕ್ಷನ್ ವಿಷಯ. ಯಕ್ಷಗಾನದಲ್ಲಿ ‘ಪ್ರಹ್ಲಾದ ಚರಿತ್ರೆ’ ನೋಡಿ ಬೆಳೆದ ಕರಾವಳಿಯ ಗೆಳೆಯರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು: ಹಿರಣ್ಯಕಶಿಪುವಿನ ಪ್ರವೇಶ ಅಂದ್ರೆ ರಂಗಸ್ಥಳ ನಡುಗಬೇಕು, ಇಲ್ಲಿ ಸ್ಪೀಕರ್ ಮಾತ್ರ ನಡುಗಿತು.

ನಮ್ಮ ಮಾನದಂಡ ಬೇರೆ. ಅದೇ ಸೆಪ್ಟೆಂಬರ್ 12ಕ್ಕೆ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂತು. ಯೂಫೊಟೇಬಲ್ ಸ್ಟುಡಿಯೋದವರ ಕೈಬರಹದ ಪಾತ್ರಗಳು, ಹಿಂದೆ 3ಡಿಯಲ್ಲಿ ತಿರುಗೋ ಕೋಟೆ. ಎರಡು ತಿಂಗಳ ಒಳಗೆ ಎರಡೂ ನೋಡಿದವನು ಹೋಲಿಸದೇ ಇರ್ತಾನಾ? ಅಜ್ಜಿ ಹೋಲಿಸಿದ್ದು ರಾಜ್‌ಕುಮಾರ್ ಜೊತೆ, ನಾವು ಹೋಲಿಸಿದ್ದು ತಾಂಜಿರೊ ಜೊತೆ. ತಮಾಷೆ ಅಂದ್ರೆ ಇಬ್ಬರ ದೂರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೆ, ಮುಖದ ಮೇಲೆ. ಅಜ್ಜಿ ಅದನ್ನ ಅಭಿನಯ ಅಂದರು, ನಾವು ಫೇಶಿಯಲ್ ಅನಿಮೇಷನ್ ಅಂತೀವಿ.

ಇನ್ನು ಆ ಒಂದನೇ ಕ್ಲಾಸಿನ ಹುಡುಗಿ. ಅವಳು ಕೊನೆಯ ಭಾಗ ಪೂರ್ತಿ ಅಪ್ಪನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇದು ನಮಗೆ ಮುಖ್ಯ ಪ್ರಶ್ನೆ ಅನ್ನಿಸಿತು. ಕಾರ್ಟೂನ್ ಅಂದ್ರೆ ಮಕ್ಕಳದ್ದು ಅಂತ ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಪೋಸ್ಟರ್ ನೋಡಿ ‘ದೇವರ ಕಾರ್ಟೂನ್’ ಅಂತ ಮಕ್ಕಳನ್ನ ಕರ್ಕೊಂಡು ಹೋದವರು ಎಷ್ಟೋ ಜನ. ಒಳಗೆ ನೋಡಿದರೆ ಬೆಂಕಿ, ಚಿತ್ರಹಿಂಸೆ, ಕೊನೆಗೆ ಹೊಟ್ಟೆ ಬಗೆಯೋದು. ‘ಪುರಾಣದಲ್ಲಿ ಇರೋದೇ ಹಾಗೆ, ಬದಲಾಯಿಸೋಕಾಗುತ್ತಾ?’ ಅಂತ ಒಂದು ಕಡೆ. ‘ಮಗು ರಾತ್ರಿ ನಿದ್ದೆ ಮಾಡಲಿಲ್ಲ’ ಅಂತ ಇನ್ನೊಂದು ಕಡೆ.

ಮೊದಲನೇ ವಾದಕ್ಕೆ ಒಳ್ಳೆ ಸಾಕ್ಷಿ ಬೇಲೂರಿನಲ್ಲಿದೆ. ಹೈಸ್ಕೂಲ್ ಟೂರ್ ಅಂದ್ರೆ ಬೇಲೂರು, ಹಳೇಬೀಡು ತಪ್ಪಲ್ಲ. ಚೆನ್ನಕೇಶವ ದೇವಸ್ಥಾನದ ಗೋಡೆಯ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಕರುಳು ಎಳೀತಿರೋ ಶಿಲ್ಪವನ್ನ ಗೈಡ್ ಖುಷಿಯಿಂದಲೇ ತೋರಿಸ್ತಾರೆ, ಟೀಚರ್ ಪಕ್ಕದಲ್ಲಿ ನಿಂತಿರ್ತಾರೆ, ನಾವು ಚಿಪ್ಸ್ ತಿಂತಾ ನೋಡ್ತೀವಿ. ಯಾರೂ ಹೆದರಿಲ್ಲ. ಹಂಪಿಯಲ್ಲಿ ಕೃಷ್ಣದೇವರಾಯರ ಕಾಲದ, 1528ರ, 6.7 ಮೀಟರ್ ಎತ್ತರದ ಉಗ್ರನರಸಿಂಹನ ಮುಂದೆ ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೀತಾರೆ. ಹಾಗಾದರೆ ಸಿನಿಮಾದಲ್ಲಿ ಮಾತ್ರ ಯಾಕೆ ಹೆದರಿಕೆ? ನಮಗೆ ಅನ್ಸೋದು, ಶಿಲ್ಪದ ಮುಂದೆ ಸಮಯ ನಮ್ಮ ಕೈಯಲ್ಲಿರುತ್ತೆ. ಬೇಡ ಅಂದ್ರೆ ಮುಂದಿನ ಕಂಬಕ್ಕೆ ಹೋಗಬಹುದು. ಕತ್ತಲ ಹಾಲ್‌ನಲ್ಲಿ ಸಮಯ ಸಿನಿಮಾದ ಕೈಯಲ್ಲಿ, ಶಬ್ದ ನಾಲ್ಕೂ ದಿಕ್ಕಿನಿಂದ, ಕಣ್ಣು ಮುಚ್ಚಿದರೂ ಕಿವಿ ಮುಚ್ಚಲ್ಲ. ಆರು ವರ್ಷದ ಮಗುವಿಗೆ ಕಥೆ ಹೇಳೋ ಅಜ್ಜಿ ಮಗುವಿನ ಮುಖ ನೋಡ್ಕೊಂಡು ಆ ಜಾಗದಲ್ಲಿ ಬೇಗ ಮುಗಿಸ್ತಾಳೆ. ಸಿನಿಮಾಗೆ ಮಗುವಿನ ಮುಖ ಕಾಣಲ್ಲ. 2024ರ ಹೊಸ ನಿಯಮದ ಪ್ರಕಾರ ಸೆನ್ಸಾರ್‌ನವರು ಯುಎ ಸರ್ಟಿಫಿಕೇಟನ್ನ 7, 13, 16 ಅಂತ ವಯಸ್ಸಿನ ಪ್ರಕಾರ ಒಡೆದಿರೋದು ಇಂಥದ್ದಕ್ಕೇ. ಬುಕ್ ಮಾಡೋವಾಗ ಆ ಚಿಕ್ಕ ಅಕ್ಷರ ನೋಡೋರು ಯಾರು ಅನ್ನೋದು ಬೇರೆ ಮಾತು.

ಈಗ ಸ್ವಲ್ಪ ಕಷ್ಟದ ವಿಷಯ. ಈ ಸಿನಿಮಾದ ಬಗ್ಗೆ ಕ್ಯಾಂಪಸ್‌ನಲ್ಲಿ ಟೀಕೆ ಮಾಡಿದವರಲ್ಲಿ ಕೆಲವರು ಸ್ವಲ್ಪ ಹೊತ್ತಿನಲ್ಲೇ ಸುಮ್ಮನಾದರು. ಯಾಕಂದ್ರೆ ‘ಕೂದಲಿನ ಸಿಮ್ಯುಲೇಷನ್ ಸರಿ ಇಲ್ಲ’ ಅಂದ್ರೆ ‘ನಿನಗೆ ನಮ್ಮ ದೇವರು ಅಂದ್ರೆ ಅಷ್ಟೇನಾ’ ಅನ್ನೋ ಉತ್ತರ ಬರ್ತಿತ್ತು. ಥಿಯೇಟರ್‌ನಲ್ಲಿ ಕೈ ಮುಗಿದವರ ಭಕ್ತಿ ನಿಜವಾದದ್ದು, ಅದನ್ನ ಗೇಲಿ ಮಾಡಿದವರೂ ಇದ್ದರು, ಅದು ಸಣ್ಣತನ. ಆದರೆ ಕೂದಲಿನ ಸಿಮ್ಯುಲೇಷನ್ ದೇವರು ಮಾಡಿದ್ದಲ್ಲ, ಮನುಷ್ಯರು ಸಂಬಳಕ್ಕೆ ಮಾಡಿದ್ದು. ಬೇಲೂರಿನ ಶಿಲ್ಪಿಗಳು ಎಷ್ಟೋ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಮೂರ್ತಿ ದೇವರದ್ದು, ಕೆಲಸ ನನ್ನದು ಅಂತ. ಕೆಲಸಕ್ಕೆ ಹೆಸರು ಇದ್ದಮೇಲೆ ಅದರ ಗುಣ ದೋಷ ಮಾತಾಡಬಹುದು. ಈ ಕಥೇಲೇ ನೋಡಿ, ಪ್ರಶ್ನೆ ಕೇಳಿದ ಹುಡುಗನೇ ಹೀರೋ, ‘ನನ್ನ ಬಿಟ್ಟು ಬೇರೆ ಹೆಸರು ಹೇಳಬೇಡ’ ಅಂದವನು ವಿಲನ್. ಅಂದಹಾಗೆ ಆ ವಿಲನ್ ಕೇಳಿದ ವರ ಇದೆಯಲ್ಲ, ಒಳಗಲ್ಲ ಹೊರಗಲ್ಲ, ಹಗಲಲ್ಲ ಇರುಳಲ್ಲ, ಮನುಷ್ಯ ಅಲ್ಲ ಪ್ರಾಣಿ ಅಲ್ಲ, ಅದು ಕೋಡ್ ಬರೆಯೋರಿಗೆಲ್ಲ ಪಾಠ: ಎಲ್ಲ ಕಂಡಿಷನ್ ಹಾಕಿದ, ಬೌಂಡರಿ ಕೇಸ್ ಟೆಸ್ಟ್ ಮಾಡಲಿಲ್ಲ. ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ ಕ್ರ್ಯಾಶ್ ಆಯ್ತು.

ಕನ್ನಡದ ವಿಷಯಕ್ಕೆ ಬರೋಣ, ನಮ್ಮ ಸಂಘದ ಪತ್ರಿಕೆ ಅಲ್ವಾ.

ಐದು ಭಾಷೆಯಲ್ಲಿ ಹಿಂದಿಯ ಗಳಿಕೆ ಅತಿ ಹೆಚ್ಚು, ಆಮೇಲೆ ತೆಲುಗು. ಬೆಂಗಳೂರಿನ ಕಂಪನಿ ಹಿಂದೆ ನಿಂತಿದ್ದರೂ ಕನ್ನಡ ಇವೆರಡಕ್ಕಿಂತ ತುಂಬ ಕೆಳಗೆ. ‘ಹಿಂದೀಲೇ ನೋಡು, ಕನ್ನಡ ಡಬ್ಬಿಂಗ್ ನಾಟಕದ ಥರ ಇದೆ’ ಅಂದವರು ನಮ್ಮ ಕನ್ನಡ ಸಂಘದಲ್ಲೇ ಇದ್ದಾರೆ, ಹೆಸರು ಹಾಕಲ್ಲ. ಯಾಕೆ ನಾಟಕದ ಥರ ಕೇಳಿಸುತ್ತೆ ಅನ್ನೋದಕ್ಕೂ ಕಾರಣ ತುಟಿಯಲ್ಲಿದೆ. ಹಿಂದಿಯವರು ‘ರಾಮ್’ ಅಂತಾರೆ, ಬಾಯಿ ಮುಚ್ಚಿ ನಿಲ್ಲುತ್ತೆ. ನಾವು ‘ರಾಮ’ ಅಂತೀವಿ, ಮುಚ್ಚಿದ ತುಟಿ ಮತ್ತೆ ತೆರೆಯುತ್ತೆ. ‘ಪ್ರಹ್ಲಾದ್’, ‘ಪ್ರಹ್ಲಾದ’. ‘ನಾರಾಯಣ್’, ‘ನಾರಾಯಣ’. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದು. ಹಿಂದಿ ತುಟಿಗೆ ಅನಿಮೇಟ್ ಮಾಡಿದ ಮುಖದ ಮೇಲೆ ಕನ್ನಡ ಕೂರಿಸಿದರೆ ಪ್ರತಿ ಹೆಸರಿನ ಕೊನೆಯಲ್ಲೂ ಒಂದು ಸಣ್ಣ ಬಾಲ ಉಳಿಯುತ್ತೆ. ಅದರ ಜೊತೆ ಉದ್ದದ ಸಮಸ್ಯೆ. ಡಬ್ಬಿಂಗ್ ಬರೆಯೋರಿಗೆ ‘ಕೊಲ್ಲುತ್ತೇನೆ’ ಉದ್ದ ಆಗುತ್ತೆ, ‘ಕೊಲ್ತೀನಿ’ ಪುರಾಣಕ್ಕೆ ಹೊಂದಲ್ಲ, ‘ಕೊಲ್ಲುವೆ’ ಸರಿಯಾಗಿ ಕೂರುತ್ತೆ. ಹೀಗೆ ‘ವೆ’, ‘ವೆನು’ಗಳು ತುಂಬಿಕೊಳ್ತಾವೆ. ನಮಗೆ ಅದು ನಾಟಕ ಅನ್ಸುತ್ತೆ. ಸವಳಂಗದ ಅಜ್ಜಿಗೆ ಅದೇ ಸರಿ ಅನ್ನಿಸಿತ್ತು, ದೇವರು ಹಾಸ್ಟೆಲ್ ಕನ್ನಡ ಮಾತಾಡಿದರೆ ಅವರು ಒಪ್ಪಲ್ಲ.

ಆದರೆ ಒಂದು ಮಾತು ಗಮನಿಸಬೇಕು. ಮನುಷ್ಯರು ನಟಿಸಿದ ಸಿನಿಮಾದಲ್ಲಿ ನಟನ ತುಟಿ ತಿದ್ದೋದು ಸುಲಭ ಅಲ್ಲ. 3ಡಿ ಪಾತ್ರದ ತುಟಿಯನ್ನ ಮತ್ತೆ ಅನಿಮೇಟ್ ಮಾಡಬಹುದು, ಮೇಲೆ ಹೇಳಿದ ಅದೇ ವೆಕ್ಟರ್‌ಗಳ ತೂಕ ಬದಲಿಸಿ. ಪ್ರಹ್ಲಾದನ ಮುಖ ಯಾವ ಭಾಷೆಗೂ ಸೇರಿದ್ದಲ್ಲ. ಖರ್ಚು ಮಾಡೋಕೆ ಕನ್ನಡದ ಪ್ರೇಕ್ಷಕರು ಇದ್ದಾರೆ ಅಂತ ಅನ್ನಿಸಬೇಕು, ಅಷ್ಟೇ. ಅದು ಅನ್ನಿಸದಿರೋಕೆ ಇತಿಹಾಸವೂ ಇದೆ. 1960ರ ದಶಕದ ಹೋರಾಟದ ನಂತರ ಕನ್ನಡಕ್ಕೆ ಸಿನಿಮಾ ಡಬ್ ಮಾಡೋದೇ ನಿಂತಿತ್ತು. ಕಾನೂನಿನಿಂದ ಅಲ್ಲ, ಕಟ್ಟುಪಾಡಿನಿಂದ. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೀತು. ಕಾರ್ಟೂನ್‌ಗೆ ಮಾತ್ರ ಟಿವಿಯಲ್ಲಿ ಮೊದಲೇ ಸಂದು ಸಿಕ್ಕಿತ್ತು. ಚಿಂಟು ಟಿವಿಯಲ್ಲಿ ಡೋರಾ ಕನ್ನಡ ಮಾತಾಡಿದ್ದನ್ನ ನೋಡಿ ಬೆಳೆದವರು ನಾವು. ಇಂಗ್ಲಿಷ್ ಮೀಡಿಯಂ ಸ್ಕೂಲಿನಿಂದ ಬಂದು ಶೂ ಬಿಚ್ಚೋ ಮೊದಲು ಹಾಕ್ತಿದ್ದದ್ದು ಅದೇ. ಹಾಸ್ಟೆಲ್‌ನಲ್ಲಿ ನ್ಯಾಮತಿ ಕಡೆಯ ತಾಂಡಾಗಳಿಂದ ಬಂದವರೂ ಇದ್ದಾರೆ, ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅಲ್ಲೇ ಇರೋದು. ಮನೆಯಲ್ಲಿ ಲಂಬಾಣಿ ಮಾತಾಡೋ ಮಕ್ಕಳಿಗೆ ಕನ್ನಡ ಹತ್ತಿರ ಆಗೋ ದಾರಿಗಳಲ್ಲಿ ಕಾರ್ಟೂನೂ ಒಂದು.

2023ರ ಸ್ಪೈಡರ್-ವರ್ಸ್ ಭಾರತದಲ್ಲಿ ಹತ್ತು ಭಾಷೆಯಲ್ಲಿ ಬಂತು, ಕನ್ನಡವೂ ಇತ್ತು. ಖುಷಿಯಾಗಿತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಬಂದ ‘ಮುಫಾಸಾ: ದ ಲಯನ್ ಕಿಂಗ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಇಲ್ಲ. ತೆಲುಗಿನಲ್ಲಿ ಸಿಂಹಕ್ಕೆ ಮಹೇಶ್ ಬಾಬು ಧ್ವನಿ. ಆ ಸಿಂಹಗಳನ್ನ ಮಾಡಿದ ಎಂಪಿಸಿ ಸ್ಟುಡಿಯೋದ ದೊಡ್ಡ ಶಾಖೆ ಇದ್ದದ್ದು ಬೆಂಗಳೂರಿನಲ್ಲಿ. ನಮ್ಮ ಊರಿನಲ್ಲಿ ಕೂದಲು ಬಾಚಿಸಿಕೊಂಡ ಸಿಂಹ ನಮ್ಮ ಭಾಷೆ ಮಾತಾಡಲಿಲ್ಲ. ಎರಡು ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಅದರ ಮಾತೃಸಂಸ್ಥೆ ಟೆಕ್ನಿಕಲರ್ ಬಾಗಿಲು ಹಾಕಿತು, ಬೆಂಗಳೂರು ಮತ್ತು ಮುಂಬೈನ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು.

ನಮ್ಮ ಬ್ರಾಂಚ್‌ನಲ್ಲಿ ಗ್ರಾಫಿಕ್ಸ್ ಕಡೆ ಹೋಗಬೇಕು ಅಂತ ಆಸೆ ಇರೋರು ನಾಲ್ಕೈದು ಜನ ಇದ್ದೀವಿ. 2012ರಲ್ಲೇ ಅನಿಮೇಷನ್‌ಗೆ ಅಂತ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು, 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಆದರೂ ಇಲ್ಲಿಯ ಕಲಾವಿದರು ಹೆಚ್ಚಾಗಿ ಬೇರೆಯವರ ಸಿಂಹಕ್ಕೆ ಕೂದಲು ಬಿಡಿಸಿದ್ದೇ. ಬೆಂಗಳೂರಿನವರು ಜನರಿಂದ ದುಡ್ಡು ಕೂಡಿಸಿ ನಮ್ಮ ಗೋವಿನ ಹಾಡಿನ ಕಥೆಯನ್ನೇ ಅನಿಮೇಷನ್ ಮಾಡಿದ್ದು ‘ಪುಣ್ಯಕೋಟಿ’, ಅದೂ ಸಂಸ್ಕೃತದಲ್ಲಿ. ಹೀಗಿರುವಾಗ ಹೊಂಬಾಳೆ ಹೆಸರು ಹೊತ್ತ ಒಂದು ಅನಿಮೇಷನ್ ಸಿನಿಮಾ 300 ಕೋಟಿ ದಾಟಿದೆ ಅನ್ನೋದು ನಮಗೆ ಬರೀ ಸಿನಿಮಾ ಸುದ್ದಿ ಅಲ್ಲ. ಅದಕ್ಕೇ ನಾವು ‘ಲಾಬಿ’ ಅಂತ ತಳ್ಳಿಹಾಕೋರ ಕಡೆ ಪೂರ್ತಿ ಇಲ್ಲ. ಅದೇ ಕಾರಣಕ್ಕೆ ‘ನಮ್ಮದು, ಟೀಕೆ ಮಾಡಬೇಡಿ’ ಅನ್ನೋರ ಕಡೆಯೂ ಇಲ್ಲ. ಅಕಾಡೆಮಿ ಕಳೆದ ನವೆಂಬರ್‌ನಲ್ಲಿ ಬಿಟ್ಟ 35 ಅರ್ಹ ಅನಿಮೇಷನ್ ಸಿನಿಮಾಗಳ ಪಟ್ಟಿಯಲ್ಲಿ ನರಸಿಂಹ ಇತ್ತು, ಕೊನೆಯ ಐದಕ್ಕೆ ಬರಲಿಲ್ಲ. ಪಟ್ಟಿಗೆ ಸೇರಿದಾಗ ಹಾರ ಹಾಕಿದವರೇ ಐದರಲ್ಲಿ ಇಲ್ಲ ಅಂದಾಗ ಅಕಾಡೆಮಿಯನ್ನ ಬೈದರು. ಅನಿಮೇಟರ್‌ಗಳು ಮಾತ್ರ ಎರಡೂ ದಿನ ಆಫೀಸಿಗೆ ಹೋಗಿರ್ತಾರೆ.

ಮುಂದಿನದು ಪರಶುರಾಮ. ಈ ಸಲ ಬಚ್ಚಿಟ್ಟುಕೊಳ್ಳೋಕೆ ಸಿಂಹದ ಮುಖ ಇಲ್ಲ, ಅವನು ಪೂರ್ತಿ ಮನುಷ್ಯ. ತಂದೆಯ ಮಾತಿಗೆ ತಾಯಿಯ ಮೇಲೆ ಕೊಡಲಿ ಎತ್ತಬೇಕಾದ ಮಗನ ಮುಖವನ್ನ ಕ್ಲೋಸಪ್‌ನಲ್ಲಿ ತೋರಿಸಬೇಕು. 2027ರಲ್ಲಿ ನಾವು ಫೈನಲ್ ಇಯರ್. ಸವಳಂಗದ ಅಜ್ಜಿ ಈಗಲೇ ಕೇಳಿದ್ದಾರಂತೆ, ‘ರೇಣುಕವ್ವಂದು ಯಾವಾಗ ಬರ್ತದೆ?’ ಅಂತ.